ಬಿಪಿಎಲ್, ಯಶಸ್ವಿನಿ, ಇಎಸ್‌ಐ, ಖಾಸಗಿ ಪಾಲಿಸಿ: ಯಾರ ಆದಾಯಕ್ಕೆ ಯಾವುದು ಸರಿ?

ತಿಂಗಳಿಗೆ 21,500 ರೂಪಾಯಿ ಸಂಬಳದ ಗಾರ್ಮೆಂಟ್ಸ್ ಸೂಪರ್‌ವೈಸರ್ ಒಬ್ಬರು, ವರ್ಷಕ್ಕೆ 25 ಲಕ್ಷ ದುಡಿಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು. ಇಬ್ಬರ ವಯಸ್ಸೂ 35, ಇಬ್ಬರ ಮನೆಯಲ್ಲೂ ಗಂಡ-ಹೆಂಡತಿ, ಎರಡು ಮಕ್ಕಳು, ಊರು ಬೆಂಗಳೂರು. ಒಂದೇ ಕಂಪನಿಯಲ್ಲಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಡೀ ಮನೆಗೆ ಸೇರಿ ಒಂದೇ ವಿಮಾ ಮೊತ್ತದ ಪಾಲಿಸಿ) ಕೇಳಿದರೆ ಇಬ್ಬರಿಗೂ ಬರುವ ಪ್ರೀಮಿಯಂ ಒಂದೇ. ಲೆಕ್ಕಕ್ಕೆ 18,000 ಎಂದಿಟ್ಟುಕೊಳ್ಳೋಣ. ಸೂಪರ್‌ವೈಸರ್‌ಗೆ ಅದು ವರ್ಷದ ದುಡಿಮೆಯ ಶೇ. 7ರಷ್ಟು, ಹೆಚ್ಚುಕಡಿಮೆ 25 ದಿನದ ಸಂಬಳ. ಎಂಜಿನಿಯರ್‌ಗೆ ಮೂರು ದಿನದ ಗಳಿಕೆಯೂ ಅಲ್ಲ.

ವಿಮಾ ಕಂಪನಿ ವಯಸ್ಸು, ಊರು, ಕಾಯಿಲೆ ನೋಡುತ್ತದೆ, ಜೇಬು ನೋಡುವುದಿಲ್ಲ. ಜೇಬು ನೋಡುವುದು ಸರ್ಕಾರದ ಯೋಜನೆಗಳು. ಆದರೆ ಅವು ಆದಾಯ ಏರಿದಂತೆ ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗುವುದಿಲ್ಲ, ಒಂದು ಗೆರೆಯ ಹತ್ತಿರ ಬಂದು ನಿಂತುಬಿಡುತ್ತವೆ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಗೆರೆ, ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐಗೆ ತಿಂಗಳಿಗೆ 21,000ದ ಗೆರೆ, ಸಹಕಾರ ಸಂಘದ ಸದಸ್ಯರ ಯಶಸ್ವಿನಿಗೆ 30,000ದ ಗೆರೆ. ಗೆರೆಯ ಈಚೆ ಇದ್ದಾಗ ಆಪರೇಷನ್ನಿಗೆ ಒಂದು ರೂಪಾಯಿ ಖರ್ಚಿಲ್ಲ. ಸಾವಿರ ರೂಪಾಯಿ ಸಂಬಳ ಜಾಸ್ತಿಯಾಗಿ ಆಚೆ ಹೋದರೆ ಬಿಲ್ಲಿನ ಬಹುಪಾಲು ತಲೆಯ ಮೇಲೆ. ಹಾಗಾಗಿ ಯಾವ ಕಂಪನಿಯ ಪಾಲಿಸಿ ಚೆನ್ನ ಎಂದು ಕೇಳುವ ಮೊದಲು ನೀವು ಯಾವ ಗೆರೆಯ ಹತ್ತಿರ ನಿಂತಿದ್ದೀರಿ ಎಂದು ನೋಡಿಕೊಳ್ಳಿ. ಕೆಳಗಿನ ಹೋಲಿಕೆ ಕರ್ನಾಟಕದ ಕುಟುಂಬಗಳನ್ನು ಮುಂದಿಟ್ಟುಕೊಂಡು ಮಾಡಿದ್ದು.

ಬಿಪಿಎಲ್ ಕಾರ್ಡು ಇದ್ದರೆ

2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಕೊಂಡಿತು. ಆದ್ಯತಾ (ಬಿಪಿಎಲ್) ಪಡಿತರ ಚೀಟಿ ಅಥವಾ ಅಂತ್ಯೋದಯ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಪ್ರೀಮಿಯಂ ಇಲ್ಲ, ಕಾಯುವ ಅವಧಿ ಇಲ್ಲ, ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂಬ ಮಿತಿ ಇಲ್ಲ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ನಡುವೆ ವಿಮಾ ಕಂಪನಿಯೂ ಇಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ಹಣ ಕೊಡುತ್ತದೆ. ಈ ಕುಟುಂಬಗಳು ಖಾಸಗಿ ಪಾಲಿಸಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆ ಹಣ ಹೊರರೋಗಿ ಖರ್ಚಿಗೆ, ಬಿಪಿ-ಸಕ್ಕರೆ ಮಾತ್ರೆಗೆ ಬೇಕಾಗುತ್ತದೆ. ಏಕೆಂದರೆ ಯೋಜನೆ ನೋಡಿಕೊಳ್ಳುವುದು ದಾಖಲಾಗುವ ಚಿಕಿತ್ಸೆಯನ್ನು, ತಿಂಗಳ ಮಾತ್ರೆಯನ್ನಲ್ಲ.

ಇಲ್ಲಿ ಕೈತಪ್ಪುವುದು ಹಣದ ವಿಷಯದಲ್ಲಲ್ಲ, ದಾರಿಯ ವಿಷಯದಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಸಾಧ್ಯವಿಲ್ಲದಿದ್ದರೆ ಅವರೇ ರೆಫರಲ್ ಬರೆದು ಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಿ, ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಬಳಿ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು ತೋರಿಸಿದರೆ ಅವರು ಟ್ರಸ್ಟ್‌ನಿಂದ ಪೂರ್ವಾನುಮತಿ ತರಿಸುತ್ತಾರೆ. ಹೃದಯಾಘಾತ, ಅಪಘಾತದಂಥ ತುರ್ತಿಗೆ ರೆಫರಲ್ ಬೇಡ. ಅನೇಕರು ಮೊದಲು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ಆಪರೇಷನ್ ಮಾಡಿಸಿಕೊಂಡು, ಆಮೇಲೆ ಬಿಲ್ಲು ಹಿಡಿದು ಅಲೆಯುತ್ತಾರೆ. ಈ ಯೋಜನೆ ಆಸ್ಪತ್ರೆಗೆ ಹಣ ಕೊಡುತ್ತದೆ, ರೋಗಿಗೆ ವಾಪಸು ಕೊಡುವುದಿಲ್ಲ. ಆ ಅಲೆದಾಟ ಬಹುಪಾಲು ವ್ಯರ್ಥ.

ಎರಡನೆಯ ತೊಡಕು ಹೆಸರಿನದು. ಹೊಸದಾಗಿ ಬಂದ ಸೊಸೆ, ಹುಟ್ಟಿದ ಮಗು ಪಡಿತರ ಚೀಟಿಗೆ ಸೇರಿರುವುದಿಲ್ಲ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಚೀಟಿಯಲ್ಲಿ ‘ಲಕ್ಷ್ಮೀದೇವಮ್ಮ’. ಇದು ಗೊತ್ತಾಗುವುದು ಸ್ಟ್ರೆಚರ್ ಪಕ್ಕ ನಿಂತಾಗ. ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಕ್ಕೆ ಮನೆಯ ಎಲ್ಲರ ಆಧಾರ್ ಕೊಂಡೊಯ್ದು, ಪ್ರತಿಯೊಬ್ಬರ ಆಯುಷ್ಮಾನ್ ಕಾರ್ಡು ಬೇರೆಬೇರೆಯಾಗಿ ಮಾಡಿಸಿಕೊಳ್ಳಿ. ಯಜಮಾನಿಯ ಒಂದು ಕಾರ್ಡು ಇಡೀ ಮನೆಗೆ ಸಾಕು ಅಂದುಕೊಳ್ಳಬೇಡಿ. ಬಿಪಿಎಲ್ ರೋಗಿಯಿಂದ ಆಸ್ಪತ್ರೆ ಪ್ಯಾಕೇಜ್ ದರಕ್ಕಿಂತ (ಆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ಒಟ್ಟು ದರ) ಹೆಚ್ಚುವರಿ ಹಣ ಕೇಳಿದರೆ 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ. ಡಿಸ್ಚಾರ್ಜ್‌ಗೆ ಮೊದಲೇ ಮಾಡಿ. ಮನೆಗೆ ಬಂದ ಮೇಲೆ ಆ ದೂರಿಗೆ ತೂಕ ಕಡಿಮೆ.

ಕಾರ್ಡು ಎಪಿಎಲ್ ಆದರೆ

ಎಪಿಎಲ್ ಕುಟುಂಬಕ್ಕೂ ಅದೇ ಯೋಜನೆಯಲ್ಲಿ ಪಾಲಿದೆ ಎಂಬುದು ಅರ್ಧ ಕರ್ನಾಟಕಕ್ಕೆ ಗೊತ್ತಿಲ್ಲ. ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು ಯೋಜನೆ ಕೊಡುತ್ತದೆ, ವರ್ಷಕ್ಕೆ ಒಂದು ಕುಟುಂಬಕ್ಕೆ ಗರಿಷ್ಠ 1.5 ಲಕ್ಷ. 80,000 ರೂಪಾಯಿ ಪ್ಯಾಕೇಜಿನ ಶಸ್ತ್ರಚಿಕಿತ್ಸೆಯಾದರೆ ಸರ್ಕಾರದ್ದು 24,000, ನಿಮ್ಮದು 56,000. ಶೇ. 30 ಎಂದರೆ ಆಸ್ಪತ್ರೆ ಬರೆಯುವ ಬಿಲ್ಲಿನ ಶೇ. 30 ಅಲ್ಲ, ಪ್ಯಾಕೇಜ್ ದರದ್ದು ಎಂಬುದು ನೆನಪಿರಲಿ. ಪ್ಯಾಕೇಜ್ ದರ ಸಾಮಾನ್ಯವಾಗಿ ಖಾಸಗಿ ದರಕ್ಕಿಂತ ತುಂಬಾ ಕೆಳಗಿರುವುದರಿಂದ, 24,000ಕ್ಕಿಂತ ಆ ದರದ ಲಾಭವೇ ಎಷ್ಟೋ ಸಲ ದೊಡ್ಡದು.

ಹೋಲಿಸಿ ನೋಡಿ: ಬಿಪಿಎಲ್‌ನಲ್ಲಿ ಅದೇ 80,000ಕ್ಕೆ ಸೊನ್ನೆ, ಎಪಿಎಲ್‌ನಲ್ಲಿ 56,000. ಬಿಪಿಎಲ್ ಕಾರ್ಡು ಎಪಿಎಲ್‌ಗೆ ಬದಲಾದಾಗ ಜನ ಅಕ್ಕಿ ಹೋಯಿತೆಂದು ಕೂಗುತ್ತಾರೆ. ತೂಕ ಹಾಕಿದರೆ ಹೋಗಿದ್ದು ಅಕ್ಕಿಗಿಂತ ದೊಡ್ಡದು, 5 ಲಕ್ಷದ ಆಸ್ಪತ್ರೆ ರಕ್ಷಣೆ. ಮನೆ ಸಾಲಕ್ಕೋ ವಾಹನ ಸಾಲಕ್ಕೋ ಬೇಕೆಂದು ಆದಾಯ ಹೆಚ್ಚಿಗೆ ತೋರಿಸಿ ಐಟಿ ರಿಟರ್ನ್ ಹಾಕಿಸುವವರು ಈ ಲೆಕ್ಕವನ್ನೂ ಮಾಡಬೇಕು. ನಿಜವಾಗಿ ಅರ್ಹರಾಗಿದ್ದೂ ಕಾರ್ಡು ಬದಲಾಗಿದ್ದರೆ ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ ತೆಗೆಸಿ ತಹಶೀಲ್ದಾರ್ ಕಚೇರಿಯಲ್ಲಿ ಆಕ್ಷೇಪಣೆ ಕೊಡಿ. ಅದು ಇತ್ಯರ್ಥವಾಗುವ ತನಕ ಕುಟುಂಬವನ್ನು ಬರಿಗೈಯಲ್ಲಿ ಬಿಡಬೇಡಿ, ಅದಕ್ಕೆ ಮುಂದಿನದು ನೋಡಿ.

ಯಶಸ್ವಿನಿ: ಎಪಿಎಲ್ ರೈತ ಕುಟುಂಬಕ್ಕೆ ಇದಕ್ಕಿಂತ ಅಗ್ಗದ್ದು ಇಲ್ಲ

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿದ್ದ ಯಶಸ್ವಿನಿಯನ್ನು 2023ರಿಂದ ಮತ್ತೆ ನಡೆಸಲಾಗುತ್ತಿದೆ. ಮರುಜಾರಿಯಾದಾಗ ನಿಗದಿಯಾದ ವಂತಿಗೆ ಹೀಗಿದೆ: ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ನಗರ ಸಹಕಾರ ಸಂಘದವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ರಕ್ಷಣೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಜನರಲ್ ವಾರ್ಡಿನಲ್ಲಿ.

ಅಜ್ಜ-ಅಜ್ಜಿ ಸೇರಿ ಆರು ಜನರ ಹಳ್ಳಿ ಮನೆಗೆ 700 ರೂಪಾಯಿ. ಖಾಸಗಿ ಕಂಪನಿ ಅಜ್ಜನೊಬ್ಬನಿಗೇ ಅದರ ಎಷ್ಟೋ ಪಟ್ಟು ಕೇಳುತ್ತದೆ. ಹಾಲಿನ ಡೇರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ನೇಕಾರರ ಸಂಘ, ಮೀನುಗಾರರ ಸಂಘ, ಇವುಗಳಲ್ಲಿ ಯಾವುದರಲ್ಲಾದರೂ ಮನೆಯವರೊಬ್ಬರು ಸದಸ್ಯರಾಗಿದ್ದಾರೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಡೇರಿಗೆ ಹಾಲು ಹಾಕುವ ಸೊಸೆಯ ಹೆಸರಲ್ಲಿ ಸದಸ್ಯತ್ವ ಇರುತ್ತದೆ, ಯಾರಿಗೂ ನೆನಪಿರುವುದಿಲ್ಲ.

ಮಿತಿಗಳೂ ಇವೆ. ಸರ್ಕಾರಿ ನೌಕರರ ಕುಟುಂಬಕ್ಕೆ, ತಿಂಗಳಿಗೆ 30,000ಕ್ಕಿಂತ ಹೆಚ್ಚು ಸಂಬಳದ ಖಾಸಗಿ ನೌಕರರ ಕುಟುಂಬಕ್ಕೆ ಇದು ಇಲ್ಲ. ನೋಂದಣಿಯ ಬಾಗಿಲು ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ. ಸಂಘದ ಕಾರ್ಯದರ್ಶಿ ಹೇಳಿಕಳಿಸುತ್ತಾರೆ ಎಂದು ಕಾಯದೆ ನೀವೇ ಕೇಳಿ. ಚಿಕಿತ್ಸೆಗಳ ಪಟ್ಟಿಯೂ ಸಿದ್ಧವಾದದ್ದು. ಮಂಡಿ ಬದಲಿ, ಡಯಾಲಿಸಿಸ್, ಕಿಮೋದಂಥ ದೀರ್ಘ ಅಥವಾ ದುಬಾರಿ ಚಿಕಿತ್ಸೆಯ ಅಗತ್ಯ ಮನೆಯಲ್ಲಿ ಈಗಾಗಲೇ ಕಾಣುತ್ತಿದ್ದರೆ, ಅದು ಪಟ್ಟಿಯಲ್ಲಿದೆಯೇ ಎಂದು ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಕೇಳಿಯೇ ಇದನ್ನು ನೆಚ್ಚಿಕೊಳ್ಳಿ.

ಇಎಸ್‌ಐ: ಜನ ಬೈಯುತ್ತಾರೆ, ಲೆಕ್ಕ ಬೇರೆಯೇ ಹೇಳುತ್ತದೆ

ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ, ತಿಂಗಳ ವೇತನ 21,000ದವರೆಗಿನ ನೌಕರರಿಗೆ ಇಎಸ್‌ಐ ಕಡ್ಡಾಯ. ಅಂಗವಿಕಲರಿಗೆ ಮಿತಿ 25,000. 2019ರ ಜುಲೈ 1ರಿಂದ ನೌಕರರ ಪಾಲನ್ನು ಶೇ. 1.75ರಿಂದ 0.75ಕ್ಕೆ, ಮಾಲೀಕರ ಪಾಲನ್ನು ಶೇ. 4.75ರಿಂದ 3.25ಕ್ಕೆ ಇಳಿಸಲಾಯಿತು. 18,000 ಸಂಬಳದವರಿಗೆ ತಿಂಗಳಿಗೆ ಕಡಿತವಾಗುವುದು 135 ರೂಪಾಯಿ, ವರ್ಷಕ್ಕೆ 1,620. ಅಷ್ಟಕ್ಕೆ ಸಿಗುವುದು ನೌಕರರಿಗೆ, ಹೆಂಡತಿ-ಮಕ್ಕಳಿಗೆ, ಅವಲಂಬಿತ ತಂದೆ-ತಾಯಿಗೆ ಮೊತ್ತದ ಮಿತಿಯೇ ಇಲ್ಲದ ಚಿಕಿತ್ಸೆ. ಹೊರರೋಗಿ ಚಿಕಿತ್ಸೆ, ಮಾತ್ರೆ ಕೂಡ ಇದರೊಳಗೇ. ಕಾಯಿಲೆ ಬಿದ್ದು ರಜೆ ಹಾಕಿದರೆ 91 ದಿನದವರೆಗೆ ವೇತನದ ಶೇ. 70, ಹೆರಿಗೆಗೆ 26 ವಾರ ಪೂರ್ತಿ ವೇತನ. ಈ ಮೂರನ್ನೂ ಒಟ್ಟಿಗೆ ಕೊಡುವ ಖಾಸಗಿ ಪಾಲಿಸಿ ಮಾರುಕಟ್ಟೆಯಲ್ಲಿ ಇಲ್ಲ.

ಸರದಿ ಉದ್ದ, ಡಿಸ್ಪೆನ್ಸರಿಯಲ್ಲಿ ಮಾತ್ರೆ ಇಲ್ಲ ಎಂಬ ದೂರುಗಳು ಸುಳ್ಳಲ್ಲ. ಆದರೂ ಮನೆಯಲ್ಲಿ ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇರುವ ಕಾರ್ಮಿಕ ಕುಟುಂಬ ಇಎಸ್‌ಐ ಬಿಟ್ಟು ಖಾಸಗಿಯ ಕಡೆ ಹೋಗುವುದು ಶುದ್ಧ ನಷ್ಟ. ಮಾಡಬೇಕಾದ್ದು ಎರಡು ಕೆಲಸ: ಮನೆಯವರೆಲ್ಲರ ಆಧಾರ್ ಸೇರಿಸಿ ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡು ತೆಗೆಸುವುದು; ಸಂಬಳದಲ್ಲಿ ಹಿಡಿದ ಹಣ ನಿಜವಾಗಿ ಕಟ್ಟಿದ್ದಾರೆಯೇ ಎಂದು ಇಎಸ್‌ಐ ನಿಗಮದ ವೆಬ್‌ಸೈಟಿನಲ್ಲಿ ಆಗಾಗ ನೋಡುವುದು. ಕಾಯಿಲೆಯ ಭತ್ಯೆ ಸಿಗಲು ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ದಾಖಲಾಗಿರಬೇಕು.

ಈಗ 21,000ದ ಗೆರೆ. ವಂತಿಗೆಯ ಅವಧಿಗಳು ಎರಡು, ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಸಂಬಳ ಗೆರೆ ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಕಡಿತವಾಗುತ್ತದೆ, ರಕ್ಷಣೆಯೂ ಇರುತ್ತದೆ. ಮೇ ತಿಂಗಳಲ್ಲಿ ಸಂಬಳ 20,500ರಿಂದ 21,500 ಆಯಿತೆನ್ನಿ. ಸೆಪ್ಟೆಂಬರ್ ಕೊನೆಯವರೆಗೆ ನೀವು ಇಎಸ್‌ಐನಲ್ಲೇ. ಗೆರೆ ದಾಟಿದಿರೋ ಇಲ್ಲವೋ ಎಂಬ ಲೆಕ್ಕಕ್ಕೆ ಓವರ್‌ಟೈಮ್ ಹಣವನ್ನು ಸೇರಿಸುವಂತಿಲ್ಲ. ‘ಓಟಿ ಸೇರಿ ಜಾಸ್ತಿ ಆಯ್ತು, ನಿಮ್ಮ ಇಎಸ್‌ಐ ಬಂದ್’ ಎಂದರೆ ಒಪ್ಪಬೇಡಿ. ಗೆರೆ ದಾಟಿದ ಮೇಲೆ ಇಎಸ್‌ಐನಲ್ಲಿ ಉಳಿದ ಈ ತಿಂಗಳುಗಳೇ ಖಾಸಗಿ ಪಾಲಿಸಿ ಕೊಳ್ಳಲು ಸರಿಯಾದ ಸಮಯ. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮು ಸಿಗುವುದಿಲ್ಲವಾದ್ದರಿಂದ, ಅಕ್ಟೋಬರ್‌ಗೆ ಕಾದರೆ ನಡುವೆ ಕಂದಕ ಬೀಳಬಹುದು.

ಎರಡೂ ಕಡೆ ಇಲ್ಲದವರು

ಬಿಪಿಎಲ್ ಇಲ್ಲ, ಇಎಸ್‌ಐ ಇಲ್ಲ, ಕಂಪನಿಯ ಗುಂಪು ವಿಮೆಯೂ ಇಲ್ಲ. ಅಂಗಡಿಯವರು, ಟ್ಯಾಕ್ಸಿ ಓಡಿಸುವವರು, ಸಣ್ಣ ಶಾಲೆಯ ಮೇಷ್ಟ್ರು, ಮನೆಯಿಂದ ಕೇಟರಿಂಗ್ ಮಾಡುವವರು. ನೀತಿ ಆಯೋಗ 2021ರ ಅಕ್ಟೋಬರ್‌ನ ವರದಿಯಲ್ಲಿ ಹೀಗೆ ನಡುವೆ ಉಳಿದವರು ದೇಶದ ಜನರಲ್ಲಿ ಕನಿಷ್ಠ ಶೇ. 30, ಸುಮಾರು 40 ಕೋಟಿ ಎಂದು ಹೇಳಿತ್ತು. ಸುಧಾರಣೆಯ ಹೆಸರಿನಲ್ಲಿ ಇವರ ಖರ್ಚು ನೇರವಾಗಿ ಇಳಿದದ್ದು ಒಂದು ಕಡೆ ಮಾತ್ರ, ಜಿಎಸ್‌ಟಿಯಲ್ಲಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ ಇಲ್ಲವಾಯಿತು. ಫ್ಯಾಮಿಲಿ ಫ್ಲೋಟರ್, ಹಿರಿಯರ ಪಾಲಿಸಿ ಎಲ್ಲ ಸೇರಿ. 18,000ದ ಪಾಲಿಸಿಗೆ ಮೊದಲು 3,240 ತೆರಿಗೆ ಸೇರಿ 21,240 ಕಟ್ಟಬೇಕಿತ್ತು. ಆದರೆ ತೆರಿಗೆ ಹೋದ ಜೊತೆಗೆ, ಕಮಿಷನ್ ಮತ್ತಿತರ ಖರ್ಚಿನ ಮೇಲೆ ತಾವು ಕಟ್ಟಿದ ಜಿಎಸ್‌ಟಿಯನ್ನು ಹೊಂದಿಸಿಕೊಳ್ಳುವ ಅವಕಾಶವನ್ನೂ ಕಂಪನಿಗಳು ಕಳೆದುಕೊಂಡವು. ಆ ಹೊರೆ ಮೂಲ ಪ್ರೀಮಿಯಂಗೆ ಸೇರಿಕೊಳ್ಳಬಹುದು. ನವೀಕರಣದ ನೋಟಿಸು ಬಂದಾಗ ಕಳೆದ ವರ್ಷ ಕಟ್ಟಿದ ಒಟ್ಟು ಮೊತ್ತವನ್ನಲ್ಲ, ಜಿಎಸ್‌ಟಿ ಬಿಟ್ಟ ಮೂಲ ಪ್ರೀಮಿಯಂ ಅನ್ನು ಪಕ್ಕದಲ್ಲಿಟ್ಟು ಹೋಲಿಸಿ. ಮೂಲ 18,000 ಈಗ 19,500 ಆಗಿದ್ದರೆ ಒಟ್ಟು ಮೊತ್ತ ಇಳಿದಂತೆ ಕಂಡರೂ ನಿಮ್ಮ ದರ ಶೇ. 8ಕ್ಕೂ ಹೆಚ್ಚು ಏರಿದೆ.

ಆರೋಗ್ಯ ವಿಮೆಯ ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ ಸಿಗುವ 80ಡಿ ವಿನಾಯಿತಿ ಇದಕ್ಕೆ ಇನ್ನೊಂದು ಮುಖ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ. 31.2 ಉಳಿತಾಯ. 21,240 ಕಟ್ಟುತ್ತಿದ್ದಾಗ ಅವರಿಗೆ 6,627 ವಾಪಸು ಬಂದು ನಿಜವಾದ ಖರ್ಚು 14,613. ಈಗ 18,000ಕ್ಕೆ 5,616 ಉಳಿದು ಖರ್ಚು 12,384. ಅಂದರೆ ಜಿಎಸ್‌ಟಿ ರದ್ದತಿಯಿಂದ ಅವರಿಗಾದ ಲಾಭ 2,229. ತೆರಿಗೆಯನ್ನೇ ಕಟ್ಟದ ಸೂಪರ್‌ವೈಸರ್‌ಗೆ ಪೂರ್ತಿ 3,240 ಉಳಿಯಿತು. ಬಡವರ ಕಡೆ ವಾಲಿದ ಸುಧಾರಣೆ ಅನ್ನಿಸಬಹುದು, ಆದರೆ ಕೊನೆಯ ಅಂಕಿ ನೋಡಿ: ಒಂದೇ ಪಾಲಿಸಿಗೆ 25 ಲಕ್ಷದವರ ಕೈಯಿಂದ ಹೋಗುವುದು 12,384, ಎರಡೂವರೆ ಲಕ್ಷದವರ ಕೈಯಿಂದ 18,000. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಡಿ ಇಲ್ಲ, ಅಲ್ಲಿ ಇಬ್ಬರದೂ ಸಮ. ವಿಮೆಗಾಗಿಯೇ ಹಳೆಯ ಪದ್ಧತಿಯಲ್ಲಿ ಉಳಿಯಬೇಕೇ ಎಂದು ಕೇಳುವವರಿಗೆ ಉತ್ತರ, ಇಲ್ಲ. ಗೃಹಸಾಲದ ಬಡ್ಡಿ, ಮನೆ ಬಾಡಿಗೆ ಎಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಗೆದ್ದರೆ ಮಾತ್ರ. ಹಳೆಯ ಪದ್ಧತಿಯಲ್ಲಿರುವವರು ಪ್ರೀಮಿಯಂ ಅನ್ನು ನಗದಿನಲ್ಲಿ ಕಟ್ಟಿದರೆ ವಿನಾಯಿತಿ ಹೋಯಿತು.

ಎರಡೂವರೆ ಲಕ್ಷದಿಂದ ಆರು ಲಕ್ಷದ ಆದಾಯಕ್ಕೆ ಕಡಿಮೆ ಖರ್ಚಿನ ಜೋಡಣೆ ಹೀಗಿರಬಹುದು. ಸಹಕಾರ ಸಂಘದ ಸದಸ್ಯತ್ವ ಇದ್ದರೆ ಯಶಸ್ವಿನಿ. ಇಲ್ಲದಿದ್ದರೆ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರಬೇಕಾದ ‘ಆರೋಗ್ಯ ಸಂಜೀವನಿ’ ಪಾಲಿಸಿ. ಇದರಲ್ಲಿ ಪ್ರತಿ ಕ್ಲೇಮಿಗೆ ಶೇ. 5 ನೀವೇ ಕೊಡಬೇಕು. ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ. 2, ಗರಿಷ್ಠ ದಿನಕ್ಕೆ 5,000, ಐಸಿಯುಗೆ ಶೇ. 5, ಗರಿಷ್ಠ 10,000; ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಗರಿಷ್ಠ 40,000. ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಗೆ ಇದು ಸಾಕು, ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗೆ ಸಾಲದು. ನಿಯಮ ಒಂದೇ ಆದರೂ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಇಲ್ಲಿ ಬರೀ ಬೆಲೆ ನೋಡಿ ಕೊಂಡರೆ ತಪ್ಪಿಲ್ಲ. (ಹೆಸರಿನ ಗೊಂದಲ ಬೇಡ: 2025ರ ಅಕ್ಟೋಬರ್‌ನಲ್ಲಿ ಶುರುವಾದ ‘ಕರ್ನಾಟಕ ಆರೋಗ್ಯ ಸಂಜೀವಿನಿ’ ರಾಜ್ಯ ಸರ್ಕಾರಿ ನೌಕರರದ್ದು. ಅಲ್ಲಿ ಎ ವೃಂದಕ್ಕೆ ತಿಂಗಳಿಗೆ 1,000, ಡಿ ವೃಂದಕ್ಕೆ 250 ರೂಪಾಯಿ ವಂತಿಗೆ. ಮೇಲೆ ಹೇಳಿದ ಎಲ್ಲ ಯೋಜನೆಗಳಲ್ಲಿ, ಗೆರೆ ಎಳೆಯುವ ಬದಲು ದರ್ಜೆಗೆ ತಕ್ಕಂತೆ ವಂತಿಗೆ ಹಂಚಿದ್ದು ಇದೊಂದೇ ಎನ್ನಬಹುದು.)

ಕಂಪನಿ ವಿಮೆ ಇದೆ, ಮತ್ತೆ ಯಾಕೆ?

ಗುಂಪು ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ಹಾಗೆಯೇ ಇದೆ. ನಿಮ್ಮ ವಿಮೆಗೆ ಕಂಪನಿ ದುಡ್ಡು ಕೊಡುತ್ತಿದ್ದರೆ ಅದು ನಿಮ್ಮ ತಲೆನೋವಲ್ಲ. ಆದರೆ ಅಪ್ಪ-ಅಮ್ಮನನ್ನು ಸೇರಿಸಲು ನಿಮ್ಮ ಸಂಬಳದಿಂದ ಹಿಡಿಯುತ್ತಿದ್ದರೆ ಲೆಕ್ಕ ಹಾಕಬೇಕು. ಗುಂಪಿನಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ, ಜಿಎಸ್‌ಟಿ ಇದೆ, ಕೆಲಸ ಬಿಟ್ಟ ದಿನ ಎಲ್ಲ ಮುಗಿಯಿತು. ಸ್ವಂತ ಪಾಲಿಸಿಯಲ್ಲಿ ಜಿಎಸ್‌ಟಿ ಇಲ್ಲ, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾದೀತು. ಕೈಯಲ್ಲಿ ಆಗುವುದಾದರೆ ಮೂರು ವರ್ಷ ಎರಡನ್ನೂ ನಡೆಸಿ, ಆಮೇಲೆ ಗುಂಪಿನದನ್ನು ಬಿಡಿ. ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವೂ ಇದೆ, ಗುಂಪಿನಲ್ಲಿದ್ದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ಇದನ್ನು ಎಚ್‌ಆರ್‌ನವರು ತಾವಾಗಿ ಹೇಳುವುದು ಅಪರೂಪ. ಕೊನೆಯ ದಿನಕ್ಕೆ ಮುಂಚೆ ಕೇಳಿ.

ಕಂಪನಿ ವಿಮೆ 5 ಲಕ್ಷ ಇರುವವರಿಗೆ ಇನ್ನೊಂದು 5 ಲಕ್ಷದ ಪೂರ್ತಿ ಪಾಲಿಸಿಗಿಂತ, 5 ಲಕ್ಷ ಡಿಡಕ್ಟಿಬಲ್ ಇರುವ, ಅಂದರೆ ಮೊದಲ 5 ಲಕ್ಷ ಬಿಟ್ಟು ಅದರ ಮೇಲಿನದನ್ನಷ್ಟೇ ಕೊಡುವ ಸೂಪರ್ ಟಾಪ್-ಅಪ್ ತುಂಬಾ ಅಗ್ಗ. ‘ಸೂಪರ್’ ಎಂಬ ಪದ ಬಿಡಬೇಡಿ. ವರ್ಷದಲ್ಲಿ ಎರಡು ಸಲ ದಾಖಲಾಗಿ ತಲಾ 4 ಲಕ್ಷದ ಬಿಲ್ಲು ಬಂತೆನ್ನಿ. ಕಂಪನಿ ವಿಮೆ 5 ಲಕ್ಷ ಕೊಟ್ಟು ನಿಲ್ಲುತ್ತದೆ. ಬರೀ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಬೇರೆ ನೋಡುತ್ತದೆ, ಎರಡೂ 5 ಲಕ್ಷದ ಒಳಗೇ ಇರುವುದರಿಂದ ಒಂದು ರೂಪಾಯಿಯೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 8 ಲಕ್ಷ ನೋಡಿ ಉಳಿದ 3 ಲಕ್ಷ ಕೊಡುತ್ತದೆ.

ಹಿರಿಯರು

ಸುಧಾರಣೆಗಳ ಮಾತು ಹೆಚ್ಚು ಕೇಳುವುದು ಇಲ್ಲಿ, ಖರ್ಚು ಹೆಚ್ಚು ನೋಯಿಸುವುದೂ ಇಲ್ಲೇ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೆ ಪಾಲಿಸಿ ಇಲ್ಲವೆನ್ನುವ ವಯಸ್ಸಿನ ಮಿತಿ ಹೋಯಿತು. 2025ರ ಜನವರಿ 30ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಡನೆ ಸಮಾಲೋಚಿಸಬೇಕು ಎಂದು ಕಂಪನಿಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಶೇ. 10ರ ಚಕ್ರವೂ ಸುಮ್ಮನಿರುವುದಿಲ್ಲ: ಇವತ್ತಿನ 50,000 ಐದು ವರ್ಷದಲ್ಲಿ 80,500 ದಾಟುತ್ತದೆ. ಪಿಂಚಣಿ ಹಾಗೆ ಏರುವುದಿಲ್ಲ.

70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ ಕೊಡುವ ಆಯುಷ್ಮಾನ್ ವಯ ವಂದನಾವನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಖಾಸಗಿ ಪಾಲಿಸಿ ಇದ್ದರೂ, ಇಎಸ್‌ಐ ಇದ್ದರೂ ಪಡೆಯಬಹುದು; ಕೇಂದ್ರ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಒಂದನ್ನು ಆರಿಸಿಕೊಳ್ಳಬೇಕು. ಇದನ್ನು ನೆಚ್ಚಿ ಖಾಸಗಿ ಪಾಲಿಸಿ ನಿಲ್ಲಿಸುವ ಮುನ್ನ ನೀವು ಹೋಗುವ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ, ಆ ಕಾರ್ಡಿಗೆ ಅಲ್ಲಿ ದಾಖಲು ಮಾಡಿಕೊಳ್ಳುತ್ತಾರೆಯೇ ಎಂದು. ಫೋನಿನಲ್ಲಿ ಕಾರ್ಡು ಡೌನ್‌ಲೋಡ್ ಆಗುವುದಕ್ಕೂ ಆಸ್ಪತ್ರೆ ಒಪ್ಪುವುದಕ್ಕೂ ವ್ಯತ್ಯಾಸವಿದೆ.

ಕಾರ್ಖಾನೆಯಿಂದ ನಿವೃತ್ತರಾದವರು ಮರೆಯುವ ಒಂದು ಬಾಗಿಲಿದೆ. ಕನಿಷ್ಠ ಐದು ವರ್ಷ ಇಎಸ್‌ಐ ವಿಮಾದಾರರಾಗಿದ್ದು ನಿವೃತ್ತಿ ವಯಸ್ಸಿಗೆ ಹೊರಬಂದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ತಿಂಗಳಿಗೆ ಹತ್ತು ರೂಪಾಯಿ.

ಖಾಸಗಿ ಪಾಲಿಸಿ ಕೊಳ್ಳುವಾಗ ಎರಡು ಕಡೆ ಕಣ್ಣಿಡಿ

ಮೊದಲನೆಯದು ರೂಮ್ ಬಾಡಿಗೆ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1, ಅಂದರೆ 5,000ದ ಮಿತಿ ಇದೆ ಎಂದುಕೊಳ್ಳಿ. ನೀವು 8,000ದ ರೂಮಿನಲ್ಲಿ ನಾಲ್ಕು ದಿನ ಇದ್ದಿರಿ. ಬಾಡಿಗೆ 32,000, ಡಾಕ್ಟರ್, ಥಿಯೇಟರ್, ನರ್ಸಿಂಗ್ 1,28,000, ಔಷಧಿ 60,000, ಒಟ್ಟು 2,20,000. ಬಾಡಿಗೆಯ ವ್ಯತ್ಯಾಸ 12,000 ಮಾತ್ರ ಕೈಯಿಂದ ಹೋಗುತ್ತದೆ ಅಂದುಕೊಳ್ಳುತ್ತೀರಿ. ಆದರೆ ದೊಡ್ಡ ರೂಮಿಗೆ ಹೋದರೆ ಡಾಕ್ಟರ್ ಫೀಸೂ ಏರುತ್ತದೆಂಬ ತರ್ಕದ ಮೇಲೆ ಆ 1,28,000ವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸಿ 80,000 ಮಾಡುತ್ತಾರೆ. ಔಷಧಿಗೆ ಈ ಕಡಿತ ಇಲ್ಲ. ಕೊನೆಗೆ ಸಿಗುವುದು 20,000 + 80,000 + 60,000 = 1,60,000; ನಿಮ್ಮ ಪಾಲು 60,000. ಸ್ವಲ್ಪ ಜಾಸ್ತಿ ಪ್ರೀಮಿಯಂ ಆದರೂ ರೂಮ್ ಮಿತಿ ಇಲ್ಲದ ಪಾಲಿಸಿ ಕೊಳ್ಳಿ, ಇಲ್ಲದಿದ್ದರೆ ದಾಖಲಾಗುವಾಗಲೇ ಮಿತಿಯೊಳಗಿನ ರೂಮು ಬರೆಸಿ ಸಹಿ ಹಾಕಿ.

ಎರಡನೆಯದು ಪಾಲಿಸಿ ಕೇಳುವಾಗ ತುಂಬಿಕೊಡುವ ಪ್ರಪೋಸಲ್ ಫಾರಂ. ಏಜೆಂಟರು ‘ಬಿಪಿ ಎಲ್ಲಾ ಹಾಕೋದು ಬೇಡ ಸಾರ್, ಪ್ರೀಮಿಯಂ ಜಾಸ್ತಿ ಆಗತ್ತೆ’ ಎನ್ನುತ್ತಾರೆ. ಹಾಕಿ. 2024ರ ನಿಯಮದ ಪ್ರಕಾರ ಹೇಳಿದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಬೇಕು, ಮೊದಲು ಇದು ನಾಲ್ಕು ವರ್ಷ ಇತ್ತು. ಮುಚ್ಚಿಟ್ಟ ಕಾಯಿಲೆಯ ನೆಪದಲ್ಲಿ ಕ್ಲೇಮು ತಿರಸ್ಕರಿಸುವ ಅಧಿಕಾರ ಕಂಪನಿಗೆ ಐದು ವರ್ಷದವರೆಗೆ ಇರುತ್ತದೆ, ಮೊದಲು ಎಂಟು ವರ್ಷ. ಐದು ವರ್ಷ ಕಳೆದ ಮೇಲೂ ವಂಚನೆ ಎಂದು ಸಾಬೀತಾದರೆ ಬಿಡುವುದಿಲ್ಲ. ಹೇಳಿದರೆ ಮೂರು, ಮುಚ್ಚಿಟ್ಟರೆ ಐದು ವರ್ಷದ ಜೂಜು. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯವಿದೆ, ಫಾರಂನ ಪ್ರತಿ ಓದಿ ಏಜೆಂಟರು ಏನು ಬರೆದಿದ್ದಾರೆ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಿ.

ಈಗಿನ ಪಾಲಿಸಿ ಸರಿಯಿಲ್ಲವೆಂದು ಬೇರೆ ಕಂಪನಿಗೆ ಹೋಗುವುದಾದರೆ ನವೀಕರಣಕ್ಕೆ 45 ದಿನ ಮುಂಚೆಯೇ ಪೋರ್ಟಿಂಗ್ ಅರ್ಜಿ ಕೊಡಿ. ಕಾದ ವರ್ಷಗಳು ಜೊತೆಗೇ ಬರುತ್ತವೆ, ಆದರೆ ಹಳೆಯ ವಿಮಾ ಮೊತ್ತದಷ್ಟಕ್ಕೆ ಮಾತ್ರ; 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದರೆ ಮೇಲಿನ 7 ಲಕ್ಷಕ್ಕೆ ಕಾಯುವುದು ಹೊಸದಾಗಿ ಶುರು.

ಕ್ಯಾಶ್‌ಲೆಸ್ ಅನುಮತಿಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿಗೆ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಕೊಡಬೇಕು. ಆಸ್ಪತ್ರೆ ಬಿಲ್ಲನ್ನು ಎಷ್ಟು ಗಂಟೆಗೆ ಕಳಿಸಿತು ಎಂದು ವಿಮಾ ಕೌಂಟರ್‌ನಲ್ಲಿ ಬರೆಸಿಕೊಳ್ಳಿ; ಗಡಿಯಾರ ಓಡುವುದು ಡಾಕ್ಟರ್ ‘ಮನೆಗೆ ಹೋಗಿ’ ಎಂದಾಗಿನಿಂದಲ್ಲ, ಬಿಲ್ಲು ಕಂಪನಿಗೆ ತಲುಪಿದಾಗಿನಿಂದ. ಕ್ಲೇಮು ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರೂ ಬೇಡ.